ಚೆಂಡು ತೋರಿಸುವವಳು

ಕೊಯ್ಲಿನ ಯಂತ್ರವನ್ನು ಹೊರಗೆ ನೂಕಿ
ತಗಡಿನ ಷೆಡ್ಡಿನಲ್ಲಿ ನಮಗೆ ಬಲೆ ಕಟ್ಟಿಕೊಟ್ಟ ನಿನ್ನಪ್ಪ.
ಮಾರ್ಚ್. ನೆಬ್ರಾಸ್ಕಾದ ನೆಲ ಇನ್ನೂ ಕಲ್ಲು.
ಪ್ಲ್ಯಾಟ್ ನದಿಯ ಮರಳಿಗೆ ಬೂದು ಕ್ರೌಂಚಗಳು ಇಳಿದಿವೆ,
ಅವುಗಳ ಗದ್ದಲ ತಗಡಿಗೆ ಬಡಿದು ಒಳಗೆ ಬರುತ್ತದೆ.
ನೀನು ಉಸಿರು ಬಿಟ್ಟರೆ
ಹೆಲ್ಮೆಟ್ಟಿನ ಜಾಲರಿಯಿಂದ ಹೊಗೆ.

ಮೂರು ಕಾಲಿನ ಮೇಲೆ ನಿಂತಿದೆ ಅದು.
ಎರಡು ಚಕ್ರ, ಒಂದು ಮೋಟಾರು, ತಿರುಗಿಸಲು ಒಂದು ಗುಂಡಿ.
ಮುಚ್ಚಿಹೋದ ಶಾಲೆಯ ಹರಾಜಿನಲ್ಲಿ
ನೂರಾ ನಲವತ್ತು ಡಾಲರಿಗೆ ಸಿಕ್ಕಿದ್ದು,
ಶಾಲೆಯ ಅರ್ಧ ಹೆಸರು ಇನ್ನೂ ಅದರ ಮೈಮೇಲಿದೆ.
ಗುಂಡಿಯನ್ನು ಐವತ್ತೆಂಟಕ್ಕೆ ತಿರುಗಿಸಿದರೆ
ಮೊದಲು ಗೊಣಗು, ಆಮೇಲೆ ಗುಂಯ್,
ಆಮೇಲೆ ಏರಿ ಏರಿ ಒಂದೇ ಶ್ರುತಿಯಲ್ಲಿ ನಿಂತುಬಿಡುತ್ತದೆ.

ಲಿಡ್ಡಿ, ಇದಕ್ಕೆ ಭುಜವಿಲ್ಲ.
ಐಸಿನ ಚೀಲ ಬೇಡ.
ಏಳನೆಯ ಇನ್ನಿಂಗ್ಸಿನಲ್ಲಿ ಇದರ ಬಾಯಿ ಒಣಗುವುದಿಲ್ಲ.
ನನಗೆ ಭುಜವಿತ್ತು.
ಹನ್ನೊಂದು ಬೇಸಿಗೆ ಗಾಳಿಗಿರಣಿಯ ರೆಕ್ಕೆಯ ಹಾಗೆ ಸುತ್ತಿತು,
ಈಗ ಕಿವಿಯ ತನಕ ಏರುತ್ತದೆ, ಅಲ್ಲಿ ತಡೆಯುತ್ತದೆ.
ಮೇಲಿನ ಕಪಾಟಿನ ತಟ್ಟೆಗೆ ನನಗೆ ಸ್ಟೂಲು ಬೇಕು.

ಅದಕ್ಕೇ ನಾನೀಗ ಚೆಂಡು ತೋರಿಸುವವಳು.
ಪರದೆಯ ಹಿಂದೆ ನಿಂತು ಎಡಗೈಯಲ್ಲಿ ಎತ್ತಿ ಹಿಡಿಯುತ್ತೇನೆ:
ಹಳದಿ ಬಣ್ಣದ, ಹೊಲಿಗೆಯಿಲ್ಲದ, ಮೈತುಂಬ ಗುಳಿಬಿದ್ದ ಚೆಂಡು.
ನೋಡು. ಬಿಟ್ಟೆ.
ಚಕ್ರಗಳು ಕಚ್ಚಿ ಉಗುಳುತ್ತವೆ
ಹೇಳಿದ ಜಾಗಕ್ಕೆ, ಹೇಳಿದ ಎತ್ತರಕ್ಕೆ.
ಠಣ್. ಠಣ್. ಠಣ್.
ಬಕೆಟ್ಟು ಖಾಲಿ. ನೀನು ಒಂದೂ ಬಿಟ್ಟಿರುವುದಿಲ್ಲ.

ಹೋದ ಶನಿವಾರ ಮಾತ್ರ
ಆ ಸಪೂರ ಹುಡುಗಿ, ಒನೀಟಾ ಅಂತಲ್ಲವೆ ಹೆಸರು,
ಐವತ್ತು ಮೈಲಿಯೂ ದಾಟದ ಅವಳ ಚೆಂಡಿಗೆ
ಮೂರು ಸಲ ನಿಂತೆ, ಮೂರು ಸಲವೂ ಗಾಳಿಯನ್ನೇ ಹೊಡೆದೆ.
ಟ್ರಕ್ಕಿನಲ್ಲಿ ಹದಿನೆಂಟು ಮೈಲಿ ಮಾತಿಲ್ಲ.
ಆಮೇಲೆ, ಕಿಟಕಿಗೆ ಹೇಳುವಂತೆ:
“ಅವಳು ಸುಮ್ಮನೆ ನಿಂತಿದ್ದಳು ಅತ್ತೆ,
ಆಮೇಲೆ ಚೆಂಡು ಇಲ್ಲಿತ್ತು.”

ನಡುವೆ ಏನೋ ಇತ್ತಲ್ಲ, ಮಗಳೇ.
ಇಡೀ ಆಟ ಇರುವುದೇ ಆ ನಡುವಿನಲ್ಲಿ.
ಮುಖ ನೋಡಬೇಡ, ನಾವು ಮುಖದಲ್ಲಿ ಸುಳ್ಳು ಹೇಳುತ್ತೇವೆ.
ಸೊಂಟ ನೋಡು. ಮುಂಗೈ ತೊಡೆಯನ್ನು ಸವರಿ ಹೋಗುವ
ಆ ಒಂದು ಗೇಣು ಜಾಗ.

ಹೀಗೆಂದು ಇವತ್ತು ನಾನೇ ಎದ್ದು ನಿಂತೆ.
ಎಡಗೈಯಿಂದ ಸುತ್ತು ಹಾಕಿದೆ, ಬರಿಗೈ,
ನಲವತ್ತಾರು ವರ್ಷ ಬರೀ ಹಾಲಿನ ಕ್ಯಾನು ಹಿಡಿದ ಕೈ,
ಬೇರೆಯವರ ಮದುವೆಯಲ್ಲಿ ಕುಣಿಯುವ ಹಾಗೆ ನಾಚಿಕೊಂಡು.
ಅದು ಸೊಂಟ ದಾಟುವ ಗಳಿಗೆಗೆ
ಬಲಗೈ ಚೆಂಡನ್ನು ಯಂತ್ರದ ಬಾಯಿಗಿಟ್ಟಿತು.
ಒಂದು ಕೈಯದು ಸುತ್ತು, ಇನ್ನೊಂದರದು ಚೆಂಡು, ಬಲ ಕರೆಂಟಿನದು:
ಮೂವರು ಸೇರಿ ಒಬ್ಬಳಾದೆವು.

ಕೆಲವು ಸಲ ತಡೆದೆ. ಒಂದು ಸಲ ಸುತ್ತಿ, ಕೊಡಲೇ ಇಲ್ಲ.
ಇಲ್ಲದ ಚೆಂಡಿಗೆ ನೀನು ಬೀಸಿ
ಅಂದ ಮಾತು ನನಗೆ ಕೇಳಿಸಲಿಲ್ಲ ಅಂತಿಟ್ಟುಕೋ.

ಆಗಲೇ ಪಕ್ಕದಲ್ಲಿ ನಿನ್ನಪ್ಪ ವೆಲ್ಡಿಂಗ್ ಹಚ್ಚಿದ್ದು.
ಗುಂಯ್ ಎಂಬುದು ಕುಸಿಯಿತು, ಚಕ್ರ ಸೋತಿತು,
ಕೈಬಿಟ್ಟ ಚೆಂಡು ಹೊರಟಿತು
ಯಾರೂ ಎಸೆಯದ ಚೆಂಡು, ಯಾರೂ ಬಯಸದ ನಿಧಾನ,
ಹಾದಿ ಮರೆತ ಅಜ್ಜಿಯ ಹಾಗೆ ತೂಗುತ್ತ.
ನೀನು ಕಾದೆ.
ಹಿಂದಿನ ಹಿಮ್ಮಡಿ ಮಣ್ಣಿನಲ್ಲೇ, ಕೈ ಹಿಂದೆಯೇ,
ಕಾದೆ, ಕಾದೆ,
ಮತ್ತೆ ಅದು ನೆಟ್ಟಗೆ ನನ್ನ ಮೂಗಿನೆದುರಿನ ಬಲೆಗೆ!
ನಾನು ಬಕೆಟ್ಟಿನ ಮೇಲೆ ಕುಸಿದು ಕುಳಿತೆ.

ಬ್ಯಾಟು ಬಿಸಾಕಿ ಓಡಿ ಬಂದೆ ನೀನು.
ಪೆಟ್ಟಾಯಿತೆ ಎಂದು ಕೇಳುವ ಮುಂಚೆ ನಾನೇ ಕೇಳಿದೆ:
ಹೇಳು, ಏನು ಕಂಡೆ? ಸೊಂಟವೆ? ಮುಂಗೈಯೆ?

“ಬಲ್ಬು,” ಅಂದೆ. “ಬಲ್ಬು ಮಂಕಾಯಿತಲ್ಲ.”

ಗೋಡೆಯಾಚೆ ಕಿಡಿ ನಿಂತಿತು. ಚಕ್ರ ಮತ್ತೆ ಶ್ರುತಿಗೇರಿತು.
ಎರಡು ಚೆಂಡು ಬಿತ್ತುವ ಯಂತ್ರದ ಅಡಿಯಲ್ಲಿವೆ.
ನೀನೇ ಬಗ್ಗು, ನನ್ನ ಕೈ ಅಲ್ಲಿಯ ತನಕ ಬರುವುದಿಲ್ಲ.